ಗಾಳಿಯಲ್ಲೊಂದು ಸುಂಕದ ಕಟ್ಟೆ

ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೆಯ ಟಾರ್ಚು, ತುಕ್ಕು ಹಿಡಿದ ಬೀಗದ ಕೈಗಳ ನಡುವೆ, 2003ರಲ್ಲೋ 2004ರಲ್ಲೋ ಕೊಂಡ ಒಂದು ಮೊಬೈಲ್ ಫೋನು ಅನೇಕರ ಮನೆಗಳಲ್ಲಿ ಇನ್ನೂ ಬಿದ್ದಿರುತ್ತದೆ. ರಜೆಗೆ ಬಂದ ಮೊಮ್ಮಗ ಅದನ್ನು ಹೊರತೆಗೆದು, ಹಿಂಬದಿಯ ಮುಚ್ಚಳ ಕಳಚಿ, ಸಿಮ್ ಹಾಕುವ ಜಾಗ ಎಲ್ಲಿದೆಯೆಂದು ಹುಡುಕುತ್ತಾನೆ. ಜಾಗವೇ ಇಲ್ಲ! "ಅಜ್ಜ, ಇದೇನು ಆಟದ ಫೋನಾ?" ಎಂದು ಕೇಳುತ್ತಾನೆ. "ಆಟದ್ದಲ್ಲಪ್ಪ, ನಿಮ್ಮಮ್ಮ ಹಾಸ್ಟೆಲಿನಲ್ಲಿದ್ದಾಗ ದಿನಾ ಇದರಲ್ಲೇ ಮಾತಾಡ್ತಿದ್ದದ್ದು" ಎನ್ನುತ್ತಾರೆ ಅಜ್ಜ.

ಅಜ್ಜ ಹೇಳಿದ್ದು ನಿಜ. ಆ ಫೋನು ಕೆಟ್ಟಿಲ್ಲ. ಹೊಸ ಬ್ಯಾಟರಿ ಸಿಕ್ಕರೆ ಈಗಲೂ ದೀಪ ಹತ್ತಿಸಿಕೊಂಡು ಎದ್ದು ಕೂತೀತು. ಆದರೆ ಅದು ಆಡುವ ಭಾಷೆಗೆ ಉತ್ತರ ಕೊಡುವ ಗೋಪುರ ಇಂದು ನಮ್ಮ ದೇಶದಲ್ಲಿ ಇಲ್ಲ. ಆ ಭಾಷೆಯ ಹೆಸರು ಸಿಡಿಎಂಎ. ಅದರ ಎದುರಾಳಿಯಾಗಿದ್ದ ಇನ್ನೊಂದು ಭಾಷೆಯ ಹೆಸರು ಜಿಎಸ್‌ಎಂ. ಇವೆರಡರ ನಡುವೆ ಸುಮಾರು ಇಪ್ಪತ್ತು ವರ್ಷ ನಡೆದ ಜಗಳದಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂದು ಕೇಳಿದರೆ ಬರುವ ಉತ್ತರ ವಿಚಿತ್ರವಾಗಿದೆ. ಮಾರುಕಟ್ಟೆಯಲ್ಲಿ ಸೋತ ಕಡೆಯವರಿಗೆ ಗೆದ್ದ ಕಡೆಯವರು ಇಂದಿಗೂ ಕಪ್ಪ ಕೊಡುತ್ತಿದ್ದಾರೆ. ಅದು ಹೇಗೆಂದು ತಿಳಿಯಬೇಕಾದರೆ ಸ್ವಲ್ಪ ಭೌತವಿಜ್ಞಾನ, ಸ್ವಲ್ಪ ಗಣಿತ, ಸ್ವಲ್ಪ ಕಾನೂನು ಮೂರನ್ನೂ ನೋಡಬೇಕಾಗುತ್ತದೆ.

ಮಿಕ್ಸರನ್ನೋ ಹೊಲಿಗೆ ಯಂತ್ರವನ್ನೋ ಕಂಪನಿ ತನಗೆ ತೋಚಿದಂತೆ ತಯಾರಿಸಬಹುದು. ಅದು ಬೇರೊಂದು ಯಂತ್ರದ ಜೊತೆ ಮಾತಾಡಬೇಕಿಲ್ಲ. ನಿಸ್ತಂತು ಫೋನಿನ ಪಾಡು ಹಾಗಲ್ಲ. ಈ ತುದಿಯ ಯಂತ್ರ ಹೇಳಿದ್ದು ಆ ತುದಿಯ ಯಂತ್ರಕ್ಕೆ ತಿಳಿಯಬೇಕಾದರೆ ಯಾವ ತರಂಗ, ಎಷ್ಟು ಹೊತ್ತು, ಯಾವ ಸಂಕೇತ ಎಂಬ ಸಾವಿರಾರು ವಿವರಗಳಲ್ಲಿ ಇಬ್ಬರಿಗೂ ಒಪ್ಪಂದವಿರಬೇಕು. ಆ ಒಪ್ಪಂದದ ಬರಹಕ್ಕೆ ಮಾನಕ ಎಂದು ಹೆಸರು. ಮಾನಕ ಎಲ್ಲರದ್ದೂ ಆಗಿರಬೇಕು, ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ.

ಪೇಟೆಂಟ್ ಎಂಬುದು ಇದಕ್ಕೆ ನೇರ ವಿರುದ್ಧ. ಒಬ್ಬ ಸಂಶೋಧಕ ತನ್ನ ಹೊಸ ಯುಕ್ತಿಯನ್ನು ಗುಟ್ಟಾಗಿಡದೆ, ಇತರರು ಓದಿ ತಿಳಿಯುವಂತೆ ವಿವರವಾಗಿ ಬರೆದು ಸರ್ಕಾರಕ್ಕೆ ಒಪ್ಪಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಸರ್ಕಾರ, ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷದವರೆಗೆ, ಅವನ ಅನುಮತಿಯಿಲ್ಲದೆ ಬೇರೆಯವರು ಅದನ್ನು ಬಳಸಕೂಡದೆಂದು ಹಕ್ಕು ಕೊಡುತ್ತದೆ. ಅವಧಿ ಮುಗಿದ ಮೇಲೆ ಅದು ಊರ ಬಾವಿಯ ನೀರಿದ್ದಂತೆ, ಯಾರು ಬೇಕಾದರೂ ಸೇದಿಕೊಳ್ಳಬಹುದು. ಸಮಾಜಕ್ಕೂ ಸಂಶೋಧಕನಿಗೂ ಇದು ನ್ಯಾಯವಾದ ಕರಾರೇ ಸರಿ. ತೊಡಕು ಹುಟ್ಟುವುದು ಎಲ್ಲರೂ ಆಡಲೇಬೇಕಾದ ಭಾಷೆಯೊಳಗೆ ಒಬ್ಬನ ಪೇಟೆಂಟು ಸೇರಿಕೊಂಡಾಗ. ಬೆಂಗಳೂರಿನ ಪಶ್ಚಿಮಕ್ಕೆ ಸುಂಕದಕಟ್ಟೆ ಎಂಬ ಊರಿದೆ. ಸಾಮಾನು ಹೊತ್ತ ಗಾಡಿಗಳನ್ನು ನಿಲ್ಲಿಸಿ ಸುಂಕ ವಸೂಲು ಮಾಡುತ್ತಿದ್ದ ಇಂಥ ಕಟ್ಟೆಗಳು ಹಿಂದೆ ಎಷ್ಟೋ ಕಡೆ ಇದ್ದವು. ಬೇರೆ ದಾರಿಯಿದ್ದರೆ ಗಾಡಿಯವನು ಬಳಸಿಕೊಂಡು ಹೋದಾನು. ಇರುವುದೊಂದೇ ದಾರಿಯಾದರೆ ಸುಂಕದವನು ಕೇಳಿದ್ದೇ ಲೆಕ್ಕ. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡರೆ ಕೇಳುವವರು ಯಾರು?

1980ರ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಇಂಥ ಒಂದು ದಾರಿಯೂ ಇರಲಿಲ್ಲ, ಒಂದಕ್ಕೊಂದು ಸೇರದ ಹತ್ತಾರು ಕಾಲುದಾರಿಗಳಿದ್ದವು. ಸ್ವೀಡನ್, ನಾರ್ವೆ ಮೊದಲಾದ ಉತ್ತರದ ದೇಶಗಳದ್ದು ಒಂದು ಪದ್ಧತಿ, ಬ್ರಿಟನ್ನಿನದು ಇನ್ನೊಂದು, ಜರ್ಮನಿಯದು ಮತ್ತೊಂದು, ಫ್ರಾನ್ಸಿನದು ಮಗದೊಂದು. ಕಾರಿನಲ್ಲಿ ಫೋನು ಇಟ್ಟುಕೊಂಡ ಜರ್ಮನ್ ವ್ಯಾಪಾರಿ ಗಡಿ ದಾಟಿ ಫ್ರಾನ್ಸಿಗೆ ಹೋದ ಕೂಡಲೇ ಆ ದುಬಾರಿ ಯಂತ್ರ ಬರೀ ಡಬ್ಬವಾಗುತ್ತಿತ್ತು. ಇದನ್ನು ಸರಿಪಡಿಸಲು 1982ರಲ್ಲಿ ಯುರೋಪಿನ ಅಂಚೆ ಮತ್ತು ದೂರವಾಣಿ ಇಲಾಖೆಗಳ ಒಕ್ಕೂಟ ಒಂದು ಸಮಿತಿ ರಚಿಸಿತು. ಅದರ ಫ್ರೆಂಚ್ ಹೆಸರಿನ ಮೊದಲ ಅಕ್ಷರಗಳೇ ಜಿಎಸ್‌ಎಂ. 1987ರ ಸೆಪ್ಟೆಂಬರಿನಲ್ಲಿ 13 ದೇಶಗಳ ದೂರವಾಣಿ ಸಂಸ್ಥೆಗಳು ಕೋಪನ್‌ಹೇಗನ್‌ನಲ್ಲಿ ಸೇರಿ, ಒಂದೇ ಪದ್ಧತಿಯನ್ನು ಕಟ್ಟುವುದಾಗಿ ಸಹಿ ಹಾಕಿದವು. ಪರಸ್ಪರ ಎರಡು ಮಹಾಯುದ್ಧ ಮಾಡಿದ್ದ ದೇಶಗಳು ಒಂದು ಫೋನಿನ ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಸಣ್ಣ ಸಂಗತಿಯೇನಲ್ಲ. 1991ರ ಜುಲೈ 1ರಂದು ಫಿನ್ಲೆಂಡಿನ ಮಾಜಿ ಪ್ರಧಾನಿ ಹಾರಿ ಹೋಲ್ಕೇರಿ ಜಿಎಸ್‌ಎಂ ಜಾಲದ ಮೊದಲ ಕರೆ ಮಾಡಿದರು. ನಮ್ಮಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತಾದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರಿಗೆ ಮಾಡಿದ ದೇಶದ ಮೊದಲ ಮೊಬೈಲ್ ಕರೆಯೂ ಇದೇ ಪದ್ಧತಿಯದು.

ಜಿಎಸ್‌ಎಂ ಕೆಲಸ ಮಾಡುವ ರೀತಿಯನ್ನು ನಾಲೆಯ ನೀರು ಹಂಚುವವರನ್ನು ನೋಡಿದವರಿಗೆ ವಿವರಿಸುವುದು ಸುಲಭ. ಇರುವುದು ಒಂದೇ ತೂಬು, ಗದ್ದೆ ಎಂಟು. ಒಬ್ಬೊಬ್ಬರಿಗೆ ಇಷ್ಟಿಷ್ಟು ಹೊತ್ತು ಎಂದು ಸರದಿ ಹಾಕಿದರೆ ಯಾರಿಗೂ ತಕರಾರಿಲ್ಲ. ಅದೇ ರೀತಿ 200 ಕಿಲೋಹರ್ಟ್ಸ್ ಅಗಲದ ಒಂದು ತರಂಗಪಟ್ಟಿಯನ್ನು ಎಂಟು ಫೋನುಗಳು ಸರದಿಯ ಮೇಲೆ ಬಳಸುತ್ತವೆ. ಒಂದು ಸರದಿಯ ಅವಧಿ ಸುಮಾರು 577 ಮೈಕ್ರೊಸೆಕೆಂಡು, ಅಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಎಂಟು ಜನರ ಸರದಿ ಮುಗಿದು ಮತ್ತೆ ಮೊದಲನೆಯವನಿಗೆ ಬರುವುದು ಸೆಕೆಂಡಿಗೆ ಸುಮಾರು 217 ಬಾರಿ. ಇಷ್ಟು ಬೇಗ ಸರದಿ ಬರುವುದರಿಂದ ಮಾತು ತುಂಡಾದದ್ದು ಕಿವಿಗೆ ಗೊತ್ತಾಗುವುದಿಲ್ಲ. ಮೊಬೈಲು ರಿಂಗಾಗುವ ಮೊದಲು ಪಕ್ಕದಲ್ಲಿದ್ದ ರೇಡಿಯೊ "ಟರ್ರ್ ಟರ್ರ್" ಎಂದು ಗೊರಗುಟ್ಟುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಆ ಸದ್ದು ಬೇರೇನಲ್ಲ, ಸೆಕೆಂಡಿಗೆ 217 ಸಲ ತೂಬು ತೆರೆದು ಮುಚ್ಚುತ್ತಿದ್ದ ಸದ್ದು!

ಅಮೆರಿಕದ ದೂರವಾಣಿ ಉದ್ಯಮವೂ 1989ರಲ್ಲಿ ತನ್ನದೇ ಆದ ಇನ್ನೊಂದು ಬಗೆಯ ಸರದಿ ಪದ್ಧತಿಯನ್ನು ಒಪ್ಪಿಕೊಂಡಿತು. ವಿಷಯ ಅಲ್ಲಿಗೆ ತೀರ್ಮಾನವಾಯಿತೆಂದು ಎಲ್ಲರೂ ಭಾವಿಸಿದ್ದಾಗ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದ ಒಂದು ಸಣ್ಣ ಕಂಪನಿ ಎದ್ದು ನಿಂತು, ಸರದಿಯೇ ಬೇಡ, ಎಲ್ಲರೂ ಒಟ್ಟಿಗೇ ಮಾತಾಡಲಿ ಎಂದಿತು. ಅದು 1985ರಲ್ಲಿ ಏಳು ಜನ ಸೇರಿ ಸ್ಥಾಪಿಸಿದ್ದ ಕ್ವಾಲ್‌ಕಾಮ್. ಅದರ ಮುಖ್ಯಸ್ಥ ಇರ್ವಿನ್ ಜೇಕಬ್ಸ್ ಮೊದಲು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕರು. ಜೊತೆಗಾರ ಆಂಡ್ರ್ಯೂ ವಿಟರ್ಬಿ ಕೂಡ ಪ್ರಾಧ್ಯಾಪಕರೇ. ಗದ್ದಲದಲ್ಲಿ ಕಳೆದುಹೋದ ಸಂಕೇತವನ್ನು ಮರಳಿ ಪಡೆಯಲು ವಿಟರ್ಬಿ 1967ರಲ್ಲಿ ರೂಪಿಸಿದ ಗಣಿತ ವಿಧಾನ ಅವರ ಹೆಸರಿನಲ್ಲೇ ಪ್ರಸಿದ್ಧವಾಗಿದೆ.

ಎಲ್ಲರೂ ಒಟ್ಟಿಗೆ ಮಾತಾಡಿದರೆ ಗೊಂದಲವಾಗದೇ? ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ನಿಂತವರನ್ನು ಊಹಿಸಿಕೊಳ್ಳಿ. ಒಂದು ಕಡೆ ತೆಲುಗು, ಒಂದು ಕಡೆ ತಮಿಳು, ಹಿಂದೆ ಉರ್ದು, ಮುಂದೆ ತುಳು. ಆದರೂ ಕನ್ನಡ ಬಲ್ಲವನ ಕಿವಿ ತನ್ನ ಗೆಳೆಯನ ಕನ್ನಡವನ್ನು ಮಾತ್ರ ಹೆಕ್ಕಿ ತೆಗೆಯುತ್ತದೆ, ಉಳಿದದ್ದು ಬರೀ ಸದ್ದು. ಸಿಡಿಎಂಎ ಪದ್ಧತಿಯಲ್ಲಿ ಪ್ರತಿ ಕರೆಗೂ ಒಂದೊಂದು ಸಂಕೇತ ಕೊಡುತ್ತಾರೆ. ಸಂಕೇತ ಬೇರೆಯಾದರೆ ಭಾಷೆ ಬೇರೆಯಾದಂತೆ. ಹೋಲಿಕೆ ಸಾಲದು ಎನ್ನುವ ವಿದ್ಯಾರ್ಥಿಗಳು ನೋಟ್ ಪುಸ್ತಕ ತೆಗೆದುಕೊಳ್ಳಲಿ. ಎಂಟನೇ ತರಗತಿಯ ಗಣಿತ ಇದಕ್ಕೆ ಸಾಕು.

ರವಿಯ ಸಂಕೇತ (+1, +1). ಉಷಾಳ ಸಂಕೇತ (+1, −1). "ಹೌದು" ಎನ್ನಬೇಕಾದರೆ ಸಂಕೇತವನ್ನು ಇದ್ದ ಹಾಗೇ ಕಳಿಸುವುದು, "ಇಲ್ಲ" ಎನ್ನಬೇಕಾದರೆ −1ರಿಂದ ಗುಣಿಸಿ ಕಳಿಸುವುದು. ಈಗ ರವಿ ಹೌದು ಎನ್ನುತ್ತಾನೆ: (+1, +1). ಅದೇ ಕ್ಷಣದಲ್ಲಿ ಉಷಾ ಇಲ್ಲ ಎನ್ನುತ್ತಾಳೆ: (−1, +1). ಗಾಳಿಯಲ್ಲಿ ಎರಡೂ ಕೂಡಿಕೊಂಡು (0, +2) ಆಗುತ್ತದೆ. ಇದರಲ್ಲಿ ಯಾರು ಏನೆಂದರೆಂದು ನೋಡಿದ ಮಾತ್ರಕ್ಕೆ ಹೇಳಲಾಗದು. ಆದರೆ ರವಿಯ ಮಾತು ಕೇಳಬೇಕಾದವನು ಬಂದದ್ದನ್ನು ರವಿಯ ಸಂಕೇತದಿಂದ ಗುಣಿಸಿ ಕೂಡಿಸಲಿ: 0×1 + 2×1 = +2. ಧನ ಸಂಖ್ಯೆ, ಎಂದರೆ ಹೌದು. ಉಷಾಳ ಕಡೆಯವನು ಉಷಾಳ ಸಂಕೇತದಿಂದ ಗುಣಿಸಲಿ: 0×1 + 2×(−1) = −2. ಋಣ ಸಂಖ್ಯೆ, ಎಂದರೆ ಇಲ್ಲ. ಒಬ್ಬರ ಮಾತು ಇನ್ನೊಬ್ಬರದನ್ನು ಕೆಡಿಸಲೇ ಇಲ್ಲ. ಎರಡು ಸಂಕೇತಗಳನ್ನು ಒಂದರಿಂದ ಇನ್ನೊಂದನ್ನು ಗುಣಿಸಿ ಕೂಡಿಸಿದರೆ ಸೊನ್ನೆ ಬರುವುದೇ ಇದರ ಗುಟ್ಟು. ಮೊದಲ ಸಿಡಿಎಂಎ ಜಾಲಗಳಲ್ಲಿ ಗೋಪುರದಿಂದ ಫೋನಿಗೆ ಬರುವ ತರಂಗದಲ್ಲಿ ಇಂಥ 64 ಸಂಕೇತಗಳಿದ್ದವು, ಪ್ರತಿಯೊಂದೂ 64 ಅಂಕಿಗಳ ಉದ್ದ.

ಕಾಗದದ ಮೇಲೆ ಚೆನ್ನಾಗಿದೆ. ಕಷ್ಟವಿದ್ದದ್ದು ಬೇರೆ ಕಡೆ. ಬಸ್ ನಿಲ್ದಾಣದಲ್ಲಿ ಕಿವಿಯ ಪಕ್ಕದಲ್ಲೇ ನಿಂತು ಒಬ್ಬ ಕೂಗಿದರೆ ದೂರದ ಗೆಳೆಯನ ಕನ್ನಡವೂ ಕೇಳಿಸದು. ಗೋಪುರದ ಬುಡದಲ್ಲಿರುವ ಫೋನು ಮೈಲಿ ದೂರದ ಫೋನಿನ ಧ್ವನಿಯನ್ನು ಹೀಗೆಯೇ ಮುಳುಗಿಸಿಬಿಡುತ್ತದೆ. ಆದ್ದರಿಂದಲೇ ಈ ಪದ್ಧತಿ ಮೊಬೈಲಿಗೆ ಒಗ್ಗದು ಎಂದು ಅನೇಕ ತಜ್ಞರು ತಲೆಯಾಡಿಸಿದ್ದರು. ಕ್ವಾಲ್‌ಕಾಮಿನವರು ಕಂಡುಕೊಂಡ ಪರಿಹಾರವೆಂದರೆ, ಗೋಪುರವು ಪ್ರತಿ ಫೋನಿಗೂ "ಸ್ವಲ್ಪ ಮೆಲ್ಲಗೆ", "ಸ್ವಲ್ಪ ಜೋರಾಗಿ" ಎಂದು ಸೆಕೆಂಡಿಗೆ 800 ಬಾರಿ ಹೇಳುತ್ತಲೇ ಇರುವುದು. ಎಲ್ಲರ ದನಿಯೂ ಗೋಪುರಕ್ಕೆ ಒಂದೇ ಮಟ್ಟದಲ್ಲಿ ತಲುಪಿದರೆ ಗಣಿತ ತನ್ನ ಕೆಲಸ ತಾನು ಮಾಡುತ್ತದೆ. ಇಂಥ ಯುಕ್ತಿಗಳಿಗೆಲ್ಲ ಕಂಪನಿ ಒಂದೊಂದಾಗಿ ಪೇಟೆಂಟ್ ಪಡೆಯುತ್ತಾ ಹೋಯಿತು. 1986ರ ಅಕ್ಟೋಬರಿನಲ್ಲಿ ಗಿಲ್‌ಹೌಸೆನ್, ಜೇಕಬ್ಸ್ ಮತ್ತು ವೀವರ್ ಎಂಬ ಮೂವರು ಅರ್ಜಿ ಹಾಕಿ 1990ರಲ್ಲಿ ಪಡೆದ 4901307 ಸಂಖ್ಯೆಯ ಅಮೆರಿಕನ್ ಪೇಟೆಂಟು ಇವುಗಳಲ್ಲಿ ಮುಖ್ಯವಾದದ್ದು.

1989ರ ನವೆಂಬರಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ಉದ್ಯಮದ ಗಣ್ಯರನ್ನೆಲ್ಲ ಕರೆದು ಪ್ರಾತ್ಯಕ್ಷಿಕೆ ಏರ್ಪಡಿಸಲಾಯಿತು. ಜೇಕಬ್ಸ್ ಭಾಷಣ ಮುಗಿಸುವ ಹೊತ್ತಿಗೆ, ಹಿಂದಿನಿಂದ ಸಹೋದ್ಯೋಗಿಯೊಬ್ಬರು ಕೈಬೀಸಿ "ಮುಗಿಸಬೇಡಿ" ಎಂದು ಸನ್ನೆ ಮಾಡತೊಡಗಿದರು. ಉಪಗ್ರಹದಿಂದ ಸಮಯ ಹೊಂದಿಸಿಕೊಳ್ಳುವ ವ್ಯವಸ್ಥೆ ಅದೇ ಗಳಿಗೆಯಲ್ಲಿ ಕೈಕೊಟ್ಟಿತ್ತು! ಹಳೆಯ ಪ್ರಾಧ್ಯಾಪಕರಲ್ಲವೇ, ಜೇಕಬ್ಸ್ ಮಾತನ್ನು ಎಳೆದರು, ದೋಷ ಸರಿಹೋಗುವವರೆಗೂ ಎಳೆದರು. ಪಾಠ ಹೇಳಿದ ಅಭ್ಯಾಸ ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ. ಪ್ರಾತ್ಯಕ್ಷಿಕೆ ಯಶಸ್ವಿಯಾಯಿತು. 1993ರಲ್ಲಿ ಅಮೆರಿಕದ ಉದ್ಯಮ ಸಂಘ ಸಿಡಿಎಂಎಯನ್ನೂ ಮಾನಕವಾಗಿ ಒಪ್ಪಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಹಾಲಿವುಡ್ ನಟಿ ಹೆಡಿ ಲಮಾರ್ ಸಿಡಿಎಂಎಯನ್ನು ಕಂಡುಹಿಡಿದಳೆಂದು ಕೆಲವರು ಬರೆಯುತ್ತಾರೆ. ಆಕೆ ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ ಸೇರಿ 1942ರ ಆಗಸ್ಟಿನಲ್ಲಿ ಪಡೆದ ಪೇಟೆಂಟು ಇದರ ದಾಯಾದಿ ವಿಧಾನದ್ದು. ಶತ್ರುಗಳು ಅಡ್ಡಿಪಡಿಸಲಾಗದಂತೆ, ಜಲಾಸ್ತ್ರವನ್ನು ನಡೆಸುವ ರೇಡಿಯೊ ಸಂಕೇತ 88 ಆವೃತ್ತಿಗಳ ನಡುವೆ ಹಾರುತ್ತಾ ಹೋಗುವುದು ಅದರ ಉಪಾಯ. ಪಿಯಾನೋದಲ್ಲಿರುವುದೂ 88 ಮನೆಗಳು. ಆ ಪೇಟೆಂಟಿನ ಅವಧಿ 1959ರಲ್ಲಿ ಮುಗಿಯಿತು, ಆಕೆಗೆ ಅದರಿಂದ ಕಾಸೂ ಹುಟ್ಟಲಿಲ್ಲ. ಒಳ್ಳೆಯ ಉಪಾಯಕ್ಕೆ ಪೇಟೆಂಟ್ ಸಿಕ್ಕಿದರೆ ಸಾಲದು, ಅದನ್ನು ಎಲ್ಲರೂ ಬಳಸುವ ಮಾನಕದೊಳಗೆ ಸೇರಿಸುವ ಶಕ್ತಿಯೂ ಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಯುರೋಪಿನ ಪದ್ಧತಿ ಪೇಟೆಂಟುಗಳಿಂದ ಮುಕ್ತವಾಗಿತ್ತೆಂದು ಯಾರೂ ಭಾವಿಸಬಾರದು. ಜಿಎಸ್‌ಎಂಗೆ ಅಗತ್ಯವಾದ ಪೇಟೆಂಟುಗಳಲ್ಲಿ ದೊಡ್ಡ ಪಾಲು ಅಮೆರಿಕದ ಮೊಟೊರೋಲಾ ಕೈಯಲ್ಲಿತ್ತು. ಅದು ಹಣಕ್ಕಿಂತ ಹೆಚ್ಚಾಗಿ ವಿನಿಮಯವನ್ನು ಬಯಸಿತು. ನಿನ್ನ ಪೇಟೆಂಟು ನನಗೆ ಕೊಡು, ನನ್ನದು ನಿನಗೆ. ಎರಿಕ್ಸನ್, ನೋಕಿಯಾ, ಸೀಮೆನ್ಸ್ ಮೊದಲಾದ ಬಲಾಢ್ಯರು ಹೀಗೆ ಕೊಟ್ಟು ತೆಗೆದುಕೊಂಡು ಸುಖವಾಗಿದ್ದರು. ಕೊಡಲು ತಮ್ಮದೇನೂ ಇಲ್ಲದ ಹೊಸಬರು ಮಾತ್ರ ಬಾಗಿಲ ಹೊರಗೆ ನಿಂತರು. ಇದನ್ನೆಲ್ಲ ಕಂಡ ಯುರೋಪಿನ ಮಾನಕ ಸಂಸ್ಥೆ 1994ರಲ್ಲಿ ಒಂದು ನಿಯಮ ಅಂಗೀಕರಿಸಿತು. ತನ್ನ ಪೇಟೆಂಟು ಮಾನಕದೊಳಗೆ ಸೇರಬೇಕೆನ್ನುವವನು ಅದನ್ನು ಕೇಳಿದವರಿಗೆಲ್ಲ "ನ್ಯಾಯವಾದ, ಸಮಂಜಸವಾದ, ತಾರತಮ್ಯವಿಲ್ಲದ" ಷರತ್ತಿನ ಮೇಲೆ ಕೊಡುವುದಾಗಿ ಮೊದಲೇ ಮಾತು ಕೊಡಬೇಕು. ಕೇಳಲು ಹಿತವಾದ ಮೂರು ವಿಶೇಷಣಗಳು! ಆದರೆ ನ್ಯಾಯವಾದ ಬೆಲೆ ಎಷ್ಟು ರೂಪಾಯಿ ಎಷ್ಟು ಪೈಸೆ ಎಂಬುದನ್ನು ಆ ನಿಯಮದಲ್ಲಿ ಯಾರೂ ಬರೆಯಲಿಲ್ಲ. ಜಗತ್ತಿನ ನ್ಯಾಯಾಲಯಗಳು ಅಂದಿನಿಂದ ಅದನ್ನೇ ಲೆಕ್ಕ ಹಾಕುತ್ತಿವೆ.

ಸಿಡಿಎಂಎಯನ್ನು ಮೊದಲು ದೊಡ್ಡದಾಗಿ ನಂಬಿದ ದೇಶ ದಕ್ಷಿಣ ಕೊರಿಯಾ. 1991ರಲ್ಲಿ ಅಲ್ಲಿನ ಸರ್ಕಾರಿ ಸಂಶೋಧನಾಲಯ ಕ್ವಾಲ್‌ಕಾಮ್ ಜೊತೆ ಒಪ್ಪಂದ ಮಾಡಿಕೊಂಡಿತು. 1996ರಲ್ಲಿ ಅಲ್ಲಿ ಸೇವೆ ಆರಂಭವಾಯಿತು. ಅಲ್ಲಿಯವರೆಗೆ ಫೋನು ಆಮದು ಮಾಡಿಕೊಳ್ಳುತ್ತಿದ್ದ ದೇಶದಲ್ಲಿ ಸ್ಯಾಮ್‌ಸಂಗ್, ಎಲ್‌ಜಿ ಮುಂತಾದವು ಬೆಳೆದು ಜಗತ್ತಿಗೇ ಫೋನು ಮಾರತೊಡಗಿದವು. ಅದಕ್ಕೆ ತೆತ್ತ ಬೆಲೆ, ದೇಶದಲ್ಲಿ ಮಾರಿದ ಪ್ರತಿ ಫೋನಿನ ಮೇಲೆ ಶೇ. 5.25, ರಫ್ತು ಮಾಡಿದ್ದರ ಮೇಲೆ ಶೇ. 5.75 ರಾಯಧನ. ಕೈಹಿಡಿದು ಮೇಲೆತ್ತಿದವನೇ ಜೇಬಿಗೂ ಕೈಹಾಕಿದಂತೆ ಎಂದು ಕೊರಿಯನ್ನರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಅದೇ ದೇಶದ ವ್ಯಾಪಾರ ಆಯೋಗ 2009ರಲ್ಲಿ ಒಮ್ಮೆ ದಂಡ ಹಾಕಿತು, 2016ರಲ್ಲಿ ಮತ್ತೊಮ್ಮೆ ಒಂದು ಲಕ್ಷ ಕೋಟಿ ವೊನ್‌ಗೂ ಹೆಚ್ಚು ದಂಡ ವಿಧಿಸಿತು. 2023ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎರಡನೆಯದನ್ನು ಎತ್ತಿಹಿಡಿಯಿತು.

ಭಾರತಕ್ಕೆ ಸಿಡಿಎಂಎ ಬಂದದ್ದು ಹಿತ್ತಿಲ ಬಾಗಿಲಿನಿಂದ. ಮನೆಗೆ ತಂತಿ ಎಳೆಯುವ ಬದಲು ನಿಸ್ತಂತುವಿನಿಂದ ಸ್ಥಿರ ದೂರವಾಣಿ ಕೊಡುವ ನೆಪದಲ್ಲಿ ಶುರುವಾಗಿ, 2001ರಲ್ಲಿ "ಸೀಮಿತ ಓಡಾಟ"ದ ಅನುಮತಿ ಪಡೆದು, 2002ರ ಡಿಸೆಂಬರ್ 28ರಂದು ರಿಲಯನ್ಸ್ ಇನ್ಫೋಕಾಮ್ ದೊಡ್ಡ ಪ್ರಮಾಣದಲ್ಲಿ ಉದ್ಘಾಟನೆ ಮಾಡಿತು. ಮರುವರ್ಷ 501 ರೂಪಾಯಿ ಕಟ್ಟಿದರೆ ಫೋನು ಕೈಗೆ ಎಂಬ ಯೋಜನೆ ಬಂದಾಗ ಅಂಗಡಿಗಳ ಮುಂದೆ ಜನ ಸಾಲುಗಟ್ಟಿದರು. ಲಕ್ಷಾಂತರ ರೂಪಾಯಿ ಲೈಸೆನ್ಸ್ ಶುಲ್ಕವಲ್ಲ, ಕೋಟ್ಯಂತರ ರೂಪಾಯಿ ಕಟ್ಟಿ ಬಂದಿದ್ದ ಜಿಎಸ್‌ಎಂ ಕಂಪನಿಗಳು ಇದು ಅನ್ಯಾಯವೆಂದು ನ್ಯಾಯಾಲಯದ ಮೆಟ್ಟಿಲೇರಿದವು. 2003ರ ನವೆಂಬರಿನಲ್ಲಿ ಸರ್ಕಾರ ಏಕೀಕೃತ ಲೈಸೆನ್ಸ್ ತಂದು ಜಗಳಕ್ಕೆ ತೆರೆ ಎಳೆಯಿತು. ಈ ಪೈಪೋಟಿಯಿಂದ ಕರೆಗಳ ದರ ಇಳಿದು ಸಾಮಾನ್ಯರಿಗೂ ಫೋನು ಎಟುಕಿತು ಎಂಬುದನ್ನು ಮರೆಯಬಾರದು. ಆದರೆ ನಮ್ಮಲ್ಲಿನ ಆ ಅಗ್ಗದ ಸಿಡಿಎಂಎ ಫೋನುಗಳಲ್ಲಿ ಸಿಮ್ ಇರಲಿಲ್ಲ. ಸಂಖ್ಯೆಯನ್ನು ಯಂತ್ರದೊಳಗೇ ಬರೆದಿಡುತ್ತಿದ್ದರು. ಕಂಪನಿ ಬೇಡವೆಂದರೆ ಫೋನನ್ನೂ ಬಿಡಬೇಕು. ಜಿಎಸ್‌ಎಂ ಗ್ರಾಹಕನಾದರೋ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ತಂತ್ರದಲ್ಲಿ ಸಿಡಿಎಂಎ ಮುಂದಿದ್ದರೂ ಜನರಿಗೆ ಬೇಕಿದ್ದದ್ದು ಈ ಸ್ವಾತಂತ್ರ್ಯ. ಜಗತ್ತಿನ ಹೆಚ್ಚಿನ ದೇಶಗಳು ಜಿಎಸ್‌ಎಂ ಕಡೆಗಿದ್ದುದರಿಂದ ಆ ಫೋನುಗಳು ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿ ಅಗ್ಗವಾದವು. 2009ರ ಹೊತ್ತಿಗೆ ರಿಲಯನ್ಸ್, ಟಾಟಾ ಎರಡೂ ಜಿಎಸ್‌ಎಂ ಸೇವೆಗೆ ಇಳಿದವು. 2017-18ರ ಹೊತ್ತಿಗೆ ದೇಶದಲ್ಲಿ ಸಿಡಿಎಂಎ ಕಥೆ ಮುಗಿಯಿತು, ಬೀರುವಿನ ಫೋನು ಮೂಕವಾಯಿತು.

ಹಾಗಾದರೆ ಸೋತವರಿಗೆ ಕಪ್ಪ ಏಕೆ? ಮೂರನೆಯ ತಲೆಮಾರಿನ, ಎಂದರೆ ತ್ರೀಜಿಯ ಮಾನಕ ರೂಪಿಸುವಾಗ ಯುರೋಪಿನವರಿಗೇ ತಮ್ಮ ಸರದಿ ಪದ್ಧತಿ ಸಾಲದೆಂದು ಮನವರಿಕೆಯಾಯಿತು. ಮಾತಿನ ಜೊತೆ ಚಿತ್ರ, ದತ್ತಾಂಶ ಎಲ್ಲ ಹರಿಯಬೇಕಾದರೆ ಸಂಕೇತ ಪದ್ಧತಿಯೇ ಮೇಲು. 1998ರ ಜನವರಿಯಲ್ಲಿ ಯುರೋಪಿನ ಮಾನಕ ಸಂಸ್ಥೆ ಅಗಲ ಪಟ್ಟಿಯ ಸಿಡಿಎಂಎಯನ್ನು ಆರಿಸಿತು. ಜಾಲದ ಒಳ ವ್ಯವಸ್ಥೆ ಜಿಎಸ್‌ಎಂನದು, ಗಾಳಿಯಲ್ಲಿ ಆಡುವ ಭಾಷೆ ಮಾತ್ರ ಎದುರಾಳಿಯದು! ಕ್ವಾಲ್‌ಕಾಮ್ ಕೂಡಲೇ ತಗಾದೆ ತೆಗೆಯಿತು. ಸುಮ್ಮನೆ ಬೇರೆಯಾಗಿ ಕಾಣಲಿ ಎಂದು ಸಣ್ಣಪುಟ್ಟ ವ್ಯತ್ಯಾಸ ಮಾಡಿದ್ದೀರಿ, ಒಂದೇ ಮಾನಕಕ್ಕೆ ಬನ್ನಿ, ಇಲ್ಲವಾದರೆ ನಮ್ಮ ಪೇಟೆಂಟು ಕೊಡುವುದಿಲ್ಲ ಎಂದಿತು. ಎರಿಕ್ಸನ್ ತನ್ನಲ್ಲೂ ಸಿಡಿಎಂಎ ಪೇಟೆಂಟುಗಳಿವೆಯೆಂದಿತು. ಇಬ್ಬರ ನಡುವೆ 1996ರಿಂದಲೇ ಮೊಕದ್ದಮೆ ನಡೆದಿತ್ತು. ಜಗಳ ಬಗೆಹರಿಯದಿದ್ದರೆ ಸಿಡಿಎಂಎ ಆಧಾರಿತ ಸಲಹೆಗಳನ್ನೇ ಕೈಬಿಡಬೇಕಾದೀತೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎಚ್ಚರಿಸಿತು. 1999ರ ಮಾರ್ಚಿನಲ್ಲಿ ರಾಜಿಯಾಯಿತು. ಪರಸ್ಪರ ಪೇಟೆಂಟು ಹಂಚಿಕೊಂಡರು, ಗೋಪುರದ ಯಂತ್ರ ತಯಾರಿಸುವ ಕ್ವಾಲ್‌ಕಾಮ್ ವಿಭಾಗವನ್ನು ಎರಿಕ್ಸನ್ ಕೊಂಡುಕೊಂಡಿತು. ಅದೇ ವರ್ಷದ ಕೊನೆಗೆ ಕ್ವಾಲ್‌ಕಾಮ್ ತನ್ನ ಫೋನು ತಯಾರಿಕೆಯನ್ನೂ ಜಪಾನಿನ ಕ್ಯೋಸೆರಾಗೆ ಮಾರಲು ಒಪ್ಪಿತು. ಉಳಿದದ್ದು ಎರಡೇ: ಫೋನಿನೊಳಗಿನ ಚಿಪ್ಪು ಮತ್ತು ಪೇಟೆಂಟಿನ ರಾಯಧನ. ಬುದ್ಧಿವಂತರು ಕಟ್ಟೆಯನ್ನು ಉಳಿಸಿಕೊಂಡು ಗಾಡಿಗಳನ್ನೆಲ್ಲ ಮಾರಿದರು.

ಈ ರಾಯಧನದ ಲೆಕ್ಕದಲ್ಲೇ ನಿಜವಾದ ಕಗ್ಗಂಟಿರುವುದು. ಅದನ್ನು ವಿಧಿಸುವುದು ಚಿಪ್ಪಿನ ಬೆಲೆಯ ಮೇಲಲ್ಲ, ಇಡೀ ಫೋನಿನ ಬೆಲೆಯ ಮೇಲೆ. ಶೇ. 5 ಎಂದು ಇಟ್ಟುಕೊಂಡರೆ 10,000 ರೂಪಾಯಿ ಫೋನಿಗೆ 500 ರೂಪಾಯಿ. ತಯಾರಕ ಒಳ್ಳೆಯ ಕ್ಯಾಮೆರಾ, ಒಳ್ಳೆಯ ಗಾಜು ಹಾಕಿ ಅದನ್ನು 20,000 ಮಾಡಿದರೆ ರಾಯಧನ 1,000. ಕ್ಯಾಮೆರಾ ಸುಧಾರಿಸಿದವನು ಒಬ್ಬ, ಹೆಚ್ಚುವರಿ ಸುಂಕ ಪಡೆದವನು ಇನ್ನೊಬ್ಬ. ಜಾಲವಿಲ್ಲದಿದ್ದರೆ ಆ ಕ್ಯಾಮೆರಾದ ಚಿತ್ರ ಕಳಿಸುವುದೆಲ್ಲಿ ಎಂದು ಪೇಟೆಂಟುದಾರರು ವಾದಿಸುತ್ತಾರೆ. ಆ ವಾದದಲ್ಲೂ ಹುರುಳಿದೆ. ಜಗತ್ತು ಆಗದೆಂದದ್ದನ್ನು ಹತ್ತು ವರ್ಷ ಕೂತು ಆಗಿಸಿದವರಿಗೆ ಪ್ರತಿಫಲ ಬೇಡವೆನ್ನುವುದು ಸರಿಯಲ್ಲ. ಆದರೆ ರಾಯಧನಕ್ಕೆ ಒಪ್ಪದವರಿಗೆ ಚಿಪ್ಪನ್ನೂ ಮಾರುವುದಿಲ್ಲ ಎಂದರೆ ಅದು ಪ್ರತಿಫಲದ ಗೆರೆ ದಾಟಿದಂತಾಯಿತು. ಈ ದೂರಿನ ಮೇಲೆ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗವೇ 2017ರಲ್ಲಿ ಮೊಕದ್ದಮೆ ಹೂಡಿತು. 2019ರ ತೀರ್ಪು ಕಂಪನಿಯ ವಿರುದ್ಧ ಬಂತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಚೀನಾ ಮಾತ್ರ 2015ರಲ್ಲೇ 97.5 ಕೋಟಿ ಡಾಲರ್ ದಂಡ ಹಾಕಿ, ತನ್ನ ದೇಶದಲ್ಲಿ ಮಾರುವ ಫೋನುಗಳಿಗೆ ಅವುಗಳ ಬೆಲೆಯ ಶೇ. 65ರ ಮೇಲೆ ಮಾತ್ರ ರಾಯಧನ ಲೆಕ್ಕ ಹಾಕುವಂತೆ ಒಪ್ಪಿಸಿತು. ದೊಡ್ಡ ಮಾರುಕಟ್ಟೆ ಇರುವವನ ಮುಂದೆ ಸುಂಕದವನೂ ಸುಖ ದುಃಖ ಕೇಳುತ್ತಾನೆ.

20 ವರ್ಷ ಕಳೆದರೆ ಪೇಟೆಂಟು ತೀರಿಹೋಗಬೇಕಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಮೇಲೆ ಹೇಳಿದ 1986ರ ಅರ್ಜಿಯ ಪೇಟೆಂಟು 2007ರಲ್ಲೇ ತೀರಿತು. ಅಷ್ಟರಲ್ಲಿ ಹೊಸವು ಸೇರಿಕೊಂಡಿದ್ದವು. ಫೋರ್‌ಜಿಯಲ್ಲಿ ಸರದಿಯೂ ಇಲ್ಲ, ಸಂಕೇತವೂ ಇಲ್ಲ, ತರಂಗಪಟ್ಟಿಯನ್ನು ನೂರಾರು ಸಣ್ಣ ಎಳೆಗಳಾಗಿ ಸೀಳುವ ಮೂರನೆಯದೊಂದು ವಿಧಾನವಿದೆ. ಆ ವಿಧಾನದಲ್ಲಿ ಪೇಟೆಂಟು ಹೊಂದಿದ್ದ ಫ್ಲ್ಯಾರಿಯನ್ ಎಂಬ ಕಂಪನಿಯನ್ನು ಕ್ವಾಲ್‌ಕಾಮ್ 2006ರ ಆರಂಭದಲ್ಲೇ ಕೊಂಡುಕೊಂಡಿತ್ತು!

ನಮ್ಮ ದೇಶದ ತಯಾರಕರು ಈ ಕಟ್ಟೆಯ ಮುಂದೆ ನಿಂತದ್ದು 2013ರಲ್ಲಿ. ಮೈಕ್ರೋಮ್ಯಾಕ್ಸ್ ತನ್ನ ಪೇಟೆಂಟುಗಳನ್ನು ಬಳಸಿದೆಯೆಂದು ಎರಿಕ್ಸನ್ ದೆಹಲಿ ಹೈಕೋರ್ಟಿನಲ್ಲಿ 100 ಕೋಟಿ ರೂಪಾಯಿ ಪರಿಹಾರ ಕೇಳಿತು. ಆ ಪೇಟೆಂಟುಗಳಲ್ಲಿ ಹಲವು, ಮಾತನ್ನು ಅಂಕಿಗಳಾಗಿ ಕುಗ್ಗಿಸಿ ಕಳಿಸುವ ವಿಧಾನಕ್ಕೆ ಸೇರಿದವು. ಆ ವ್ಯಾಜ್ಯ 2018ರಲ್ಲಿ ರಾಜಿಯಾಯಿತು. ಲಾವಾ ಎಂಬ ಮತ್ತೊಂದು ಭಾರತೀಯ ಕಂಪನಿ ಕೊನೆಯವರೆಗೂ ಹೋರಾಡಿತು. 2024ರ ಮಾರ್ಚಿನಲ್ಲಿ ಹೈಕೋರ್ಟು ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಕೊಡಬೇಕೆಂದು ತೀರ್ಪಿತ್ತಿತು. ಬಿಡಿಭಾಗ ತರಿಸಿ ಜೋಡಿಸಿದರೆ ಫೋನು ತಯಾರಾಗುತ್ತದೆ, ಆದರೆ ಮಾನಕ ಬರೆಯುವ ಕೋಣೆಯಲ್ಲಿ ಕೂರದಿದ್ದವರು ಅಲ್ಲಿ ಬರೆದದ್ದಕ್ಕೆ ಹಣ ಕಟ್ಟುತ್ತಲೇ ಇರಬೇಕಾಗುತ್ತದೆ.

ಆ ಕೋಣೆಯಲ್ಲಿ ಈಗ ಎರಡು ಪದ್ಧತಿಗಳ ಯುದ್ಧವಿಲ್ಲ. 1998ರ ಡಿಸೆಂಬರಿನಲ್ಲಿ ಹುಟ್ಟಿದ ತ್ರೀಜಿಪಿಪಿ ಎಂಬ ಒಕ್ಕೂಟವೇ ಫೋರ್‌ಜಿ, ಫೈವ್‌ಜಿ ಮಾನಕಗಳನ್ನು ಬರೆದದ್ದು. ಪೈಪೋಟಿ ಒಂದೇ ಮಾನಕದ ಪುಟಗಳೊಳಗೆ ಸೇರಿಕೊಂಡಿದೆ. 2016ರ ನವೆಂಬರಿನಲ್ಲಿ ಫೈವ್‌ಜಿಗೆ ತಪ್ಪು ತಿದ್ದುವ ಗಣಿತ ಯಾವುದೆಂಬ ಪ್ರಶ್ನೆ ಬಂದಾಗ ಎರಡು ಬಣಗಳಾದವು. ಒಂದು ವಿಧಾನ ಅಮೆರಿಕದ ರಾಬರ್ಟ್ ಗ್ಯಾಲಗರ್ 1960ರ ದಶಕದ ಆರಂಭದಲ್ಲಿ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಬರೆದದ್ದು. ಇನ್ನೊಂದು, ಟರ್ಕಿಯ ಅಂಕಾರಾದಲ್ಲಿ ಪ್ರಾಧ್ಯಾಪಕರಾದ ಎರ್ದಾಲ್ ಅರಿಕಾನ್ 2009ರಲ್ಲಿ ಪ್ರಕಟಿಸಿದ್ದು. ಎರಡನೆಯದರ ಬೆನ್ನಿಗೆ ಚೀನಾದ ಹುವಾವೆ ನಿಂತಿತ್ತು. ಕೊನೆಗೆ ದತ್ತಾಂಶ ಸಾಗಿಸುವ ಮಾರ್ಗಕ್ಕೆ ಮೊದಲನೆಯದು, ನಿಯಂತ್ರಣದ ಮಾರ್ಗಕ್ಕೆ ಎರಡನೆಯದು ಎಂದು ಹಂಚಿಕೆಯಾಯಿತು. ಅರಿಕಾನ್ ಎಂಐಟಿಯಲ್ಲಿ ಪಿಎಚ್‌.ಡಿ. ಮಾಡಿದ್ದು ಇದೇ ಗ್ಯಾಲಗರ್ ಕೈಕೆಳಗೆ. ದೈತ್ಯ ಕಂಪನಿಗಳು ಪಟ್ಟು ಹಿಡಿದು ಕಾದಾಡಿದ್ದು ಒಬ್ಬ ಗುರು ಮತ್ತು ಅವರ ಶಿಷ್ಯನ ಗಣಿತಕ್ಕಾಗಿ!

ಭಾರತವೂ ಈ ಸಲ ಕೋಣೆಯೊಳಗೆ ಕಾಲಿಟ್ಟಿತು. ನಮ್ಮ ಹಳ್ಳಿಗಳ ನಡುವಿನ ಅಂತರ ಹೆಚ್ಚು, ಗೋಪುರಗಳು ದೂರ ದೂರ. ಗೋಪುರಗಳ ನಡುವೆ 6 ಕಿಲೋಮೀಟರು ಇದ್ದರೂ ಸಂಪರ್ಕ ತಲುಪುವಂತೆ ಫೈವ್‌ಜಿಯನ್ನು ಮಾರ್ಪಡಿಸುವ ವಿಧಾನವನ್ನು ಹೈದರಾಬಾದ್ ಮತ್ತು ಮದರಾಸಿನ ಐಐಟಿಗಳವರು ಸೇರಿ ರೂಪಿಸಿದರು. 2014ರಲ್ಲಿ ಸ್ಥಾಪನೆಯಾದ ದೇಶದ ದೂರಸಂಪರ್ಕ ಮಾನಕ ಸಂಸ್ಥೆ ಅದನ್ನು ಫೈವ್‌ಜಿಐ ಎಂಬ ಹೆಸರಿನಲ್ಲಿ ಮುಂದಿಟ್ಟು ಅಂತರರಾಷ್ಟ್ರೀಯ ಒಕ್ಕೂಟದ ಮಾನ್ಯತೆಯನ್ನೂ ಪಡೆಯಿತು. ಆದರೆ ನಮ್ಮ ದೂರವಾಣಿ ಕಂಪನಿಗಳೇ ಹಿಂಜರಿದವು. ಭಾರತಕ್ಕೊಂದು ಪ್ರತ್ಯೇಕ ಭಾಷೆಯಾದರೆ ಫೋನುಗಳು ದುಬಾರಿಯಾದಾವು, ಹೊರದೇಶದಲ್ಲಿ ಅವು ನಡೆಯದೇ ಹೋದಾವು ಎಂಬುದು ಅವುಗಳ ಅಳುಕು. ಸಿಡಿಎಂಎ ಅನುಭವಿಸಿದವರ ಅಳುಕು ಆಧಾರವಿಲ್ಲದ್ದೇನಲ್ಲ. 2021ರ ಕೊನೆಯಲ್ಲಿ ಒಂದು ಒಪ್ಪಂದವಾಗಿ, ಫೈವ್‌ಜಿಐ ಬೇರೆಯಾಗಿ ಉಳಿಯದೆ ತ್ರೀಜಿಪಿಪಿಯ ಹದಿನೇಳನೆಯ ಆವೃತ್ತಿಯ ಮಾನಕದೊಳಗೆ ಸೇರಿಕೊಂಡಿತು.